ಸರೋವರದ ಮೇಲಿನ ಬಂಡೆಗಳಿಗೆ ಗುರುತಿಲ್ಲದ ಕಾಲುದಾರಿಯಲ್ಲಿ ಹೋಗಿಬರುವುದು ಹೇಗೆ?

ಬೋರ್ಡೂ ಇಲ್ಲ, ಬಣ್ಣದ ಗುರುತೂ ಇಲ್ಲದ ದಾರಿ, ಮೊದಲ ಸಲ ಹೋಗುತ್ತಿದ್ದೇನೆ, ಏನು ಗಮನಿಸಬೇಕು ಅಂತ ಕೇಳಿದ್ದೀರಿ. ಮೊದಲು ಆ ಜಾಗಕ್ಕೆ ಪ್ರವೇಶ ಇದೆಯೇ, ಖಾಸಗಿ ಜಮೀನೇ ಎಂದು ವಿಚಾರಿಸಿಕೊಳ್ಳಿ.

ಹತ್ತುವಾಗಿನದಕ್ಕಿಂತ ಇಳಿಯುವಾಗಿನ ದಾರಿಯೇ ನನಗೆ ಹೆಚ್ಚು ಚಿಂತೆಯ ವಿಷಯ. ಹತ್ತುವಾಗ ಕವಲುಗಳು ಸಾಮಾನ್ಯವಾಗಿ ಮೇಲೆ ಹೋಗಿ ಕೂಡುತ್ತವೆ. ಇಳಿಯುವಾಗ ಅವೇ ಕವಲುಗಳು ನಿಮ್ಮನ್ನು ಬೇರೆ ಬೇರೆ ಕಡೆಗೆ ಒಯ್ಯುತ್ತವೆ. ಕೆಲವು ಬರೀ ಪ್ರಾಣಿಗಳು ಓಡಾಡಿದ ಜಾಡು, ಪೊದೆಯೊಳಗೆ ಮುಗಿದುಹೋಗುತ್ತವೆ. ಇದಕ್ಕಿಂತ ಕಷ್ಟದ್ದು ಮರಗಳ ನಡುವಿಂದ ಬರಿಬಂಡೆಗೆ ಕಾಲಿಡುವ ಜಾಗ. ಕಲ್ಲಿನ ಮೇಲೆ ಹೆಜ್ಜೆ ಮೂಡುವುದಿಲ್ಲ. ಅರ್ಧ ಗಂಟೆ ಕೂತು ಎದ್ದರೆ ಹಿಂದಿನ ಪೊದೆಸಾಲಿನ ಸಂದುಗಳೆಲ್ಲ ಒಂದೇ ಥರ ಕಾಣುತ್ತವೆ. ಹಾಗಾಗಿ ಬಂಡೆಗೆ ಬಂದ ಕೂಡಲೇ, ನೋಟ ಸವಿಯುವ ಮೊದಲೇ, ಹಿಂತಿರುಗಿ ನಿಂತು ಆ ಸಂದಿನ ಫೋಟೊ ತೆಗೆಯಿರಿ, ಜಿಪಿಎಸ್‌ನಲ್ಲಿ ಆ ಬಿಂದುವನ್ನು ಉಳಿಸಿ. ಪ್ರತಿ ಕವಲಿನಲ್ಲೂ ಇದನ್ನೇ ಮಾಡಿ. ದಾರಿ ಗುರುತಿಗೆಂದು ಹೊಸದಾಗಿ ಕಲ್ಲುಗುಪ್ಪೆ ಕಟ್ಟಬೇಡಿ, ಹಿಂದೆ ಬರುವವರ ದಾರಿ ತಪ್ಪಿಸುತ್ತದೆ.

ಆಫ್‌ಲೈನ್ ಮ್ಯಾಪ್ ಇಳಿಸಿಕೊಂಡು, ಹೊರಡುವಾಗಲೇ ಟ್ರ್ಯಾಕ್ ರೆಕಾರ್ಡಿಂಗ್ (ನಡೆದ ದಾರಿಯನ್ನು ಮ್ಯಾಪಿನಲ್ಲಿ ದಾಖಲಿಸುವುದು) ಶುರು ಮಾಡಿ. ಫೋನ್ ಏರ್‌ಪ್ಲೇನ್ ಮೋಡ್‌ನಲ್ಲಿದ್ದರೆ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ. ಆದರೆ ಮ್ಯಾಪನ್ನೇ ಪೂರ್ತಿ ನಂಬಬೇಡಿ. ಕಾಂಟೂರ್ ಗೆರೆಗಳ (ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗಳು) ನಡುವಿನ ಎತ್ತರದ ಅಂತರ 20 ಮೀಟರ್ ಇದ್ದರೆ 15 ಮೀಟರ್‌ನ ಕಡಿದಾದ ಬಂಡೆ ಅದರಲ್ಲಿ ಕಾಣದೇ ಹೋಗಬಹುದು. ಎತ್ತರದ ಬಂಡೆಗೋಡೆಯ ಬುಡದಲ್ಲಿ ಜಿಪಿಎಸ್ ಕೂಡ ಹತ್ತಾರು ಮೀಟರ್ ತಪ್ಪು ತೋರಿಸಬಹುದು. ಆದ್ದರಿಂದ ದಾರಿ ತಪ್ಪಿದಾಗ "ನೀರು ಕಾಣ್ತಿದೆಯಲ್ಲ, ನೇರ ಇಳಿದುಬಿಡೋಣ" ಅನ್ನುವ ಯೋಚನೆ ಖಂಡಿತ ಬೇಡ. ಬಂಡೆಯ ಅರ್ಧದಲ್ಲಿ ಸಿಕ್ಕಿಕೊಂಡರೆ ಹತ್ತುವುದಕ್ಕೂ ಆಗುವುದಿಲ್ಲ, ಇಳಿಯುವುದಕ್ಕೂ ಆಗುವುದಿಲ್ಲ. ಕೊನೆಯದಾಗಿ ಖಚಿತವಾಗಿ ಗೊತ್ತಿದ್ದ ಜಾಗಕ್ಕೇ ವಾಪಸ್ ಹೋಗಿ.

ಸಮಯದ ಲೆಕ್ಕಕ್ಕೆ ನೇಸ್ಮಿತ್ ಸೂತ್ರ ಸಾಕು: 5 ಕಿ.ಮೀ.ಗೆ ಒಂದು ಗಂಟೆ, 600 ಮೀಟರ್ ಏರಿಗೆ ಇನ್ನೊಂದು ಗಂಟೆ. 3 ಕಿ.ಮೀ. ದೂರ, 300 ಮೀಟರ್ ಏರು ಅಂದರೆ 66 ನಿಮಿಷ. ಗುರುತಿಲ್ಲದ ದಾರಿಗೆ ನಾನು ಇದರ ಒಂದೂವರೆಪಟ್ಟು ಹಿಡಿಯುತ್ತೇನೆ. ಮೇಲಿಂದ ಹೊರಡುವ ಹೊತ್ತನ್ನು ಮನೆಯಲ್ಲೇ ನಿಗದಿ ಮಾಡಿ, ಅದನ್ನು ಯಾರಿಗಾದರೂ ತಿಳಿಸಿ. ನೀರು ಗಂಟೆಗೆ ಅರ್ಧ ಲೀಟರ್, ಬಿಸಿಲಿದ್ದರೆ ಇನ್ನೂ ಹೆಚ್ಚು. ಹೆಡ್‌ಲ್ಯಾಂಪ್ ಹಗಲಿಗೂ ಇರಲಿ.

ಅಂಚಿನಿಂದ ಎರಡಾಳುದ್ದ ಹಿಂದೆಯೇ ನಿಲ್ಲಿ. ತುದಿ ಕೆಳಗಿನಿಂದ ಪೊಳ್ಳಾಗಿರಬಹುದು, ಮೇಲೆ ನಿಂತವರಿಗೆ ಅದು ತಿಳಿಯುವುದಿಲ್ಲ. ಬಗ್ಗಿ ನೋಡಲೇಬೇಕಿದ್ದರೆ, ಗಟ್ಟಿ ಬಂಡೆಯೆಂದು ಖಚಿತವಿದ್ದಲ್ಲಿ ಮಾತ್ರ ಹೊಟ್ಟೆ ಮೇಲೆ ಮಲಗಿ ನೋಡಿ. ಒದ್ದೆ ಪಾಚಿಯ ಮೇಲೆ ಎಂಥ ಶೂ ಹಾಕಿದ್ದರೂ ಜಾರುತ್ತದೆ. ಮಳೆ ಬಂದ ಮಾರನೆಯ ದಿನ ಹೋಗದಿರುವುದೇ ಒಳ್ಳೆಯದು. ಮೇಲಿಂದ ನೀರಿಗೆ ಹಾರಲೇಬೇಡಿ: ಕೆಳಗೆ ಮುಳುಗಿದ ಬಂಡೆಗಳಿರುತ್ತವೆ, ತಣ್ಣೀರಿನ ಆಘಾತಕ್ಕೆ ಈಜು ಬಲ್ಲವರೂ ಉಸಿರು ತಪ್ಪಿ ನೀರು ಕುಡಿಯುತ್ತಾರೆ.

ಒಂದು ಸೀಟಿಯೂ ಜೇಬಿನಲ್ಲಿರಲಿ. ಸಹಾಯ ಬೇಕಾದರೆ ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದಿ. ಉತ್ತರವಾಗಿ ನಿಮಿಷಕ್ಕೆ ಮೂರು ಸಲ ಸೀಟಿ ಕೇಳಿಸಿದರೆ ಅಲ್ಲಿಂದ ಕದಲಬೇಡಿ, ಅವರು ಬಂದು ತಲುಪುವ ತನಕ ಊದುತ್ತಲೇ ಇರಿ.