ಸಂಪಾದಕರ ಉತ್ತರ: ಸೆಂಗೆನಿದ್ ಗಣಿಯನ್ನು ಥ್ಯಾಚರ್ ಮುಚ್ಚಿಸಲಿಲ್ಲ

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: ‘ವೇಲ್ಸ್‌ನ ಕಲ್ಲಿದ್ದಲು ಹಳ್ಳಿ ಸೆಂಗೆನಿದ್ ಕುರಿತ ನಿಮ್ಮ ಲೇಖನದ ತುಂಬ 1913ರ ಸ್ಫೋಟದ್ದೇ ಮಾತು. ಮಾರ್ಗರೆಟ್ ಥ್ಯಾಚರ್ ಗಣಿ ಮುಚ್ಚಿಸಿ ಇಂಥ ಊರುಗಳನ್ನು ಹಾಳುಗೆಡವಿದ ವಿಷಯವೇ ಇಲ್ಲ. ಅಪಘಾತ ಯಾವ ಗಣಿಯಲ್ಲಿ ತಾನೇ ಆಗುವುದಿಲ್ಲ?’

ಮಾನ್ಯರೇ,

ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಥ್ಯಾಚರ್ ಹುಟ್ಟಿದ್ದು 1925ರಲ್ಲಿ. ಸೆಂಗೆನಿದ್‌ನ ಯೂನಿವರ್ಸಲ್ ಗಣಿ ಮುಚ್ಚಿದ್ದು 1928ರಲ್ಲಿ. ಎರಡು-ಮೂರು ವರ್ಷದ ಕೂಸಿನ ಮೇಲೆ ಈ ಆರೋಪ ಹೊರಿಸುವುದು ಅವರ ವಿರೋಧಿಗಳಿಗೂ ಕಷ್ಟ. ಗಣಿ ಹೋದ ಮೇಲೂ ಅಬರ್ ಕಣಿವೆಯ ತುದಿಯ ಆ ಊರು ಉಳಿಯಿತು. ಜನ ಪಕ್ಕದ ಊರಿನ ಗಣಿಗೆ ಹೋದರು, ಆಮೇಲೆ ಕೇರ್‌ಫಿಲಿ, ಕಾರ್ಡಿಫ್‌ಗಳಲ್ಲಿ ಕೆಲಸ ಹುಡುಕಿಕೊಂಡರು. 1964ರಲ್ಲಿ ಪ್ರಯಾಣಿಕರ ರೈಲೂ ನಿಂತಿತು. ಅದೂ ಥ್ಯಾಚರ್ ಪ್ರಧಾನಿಯಾಗುವ ಮೊದಲೇ.

ಅಪಘಾತದ ಬಗೆಗಿನ ನಿಮ್ಮ ಪ್ರಶ್ನೆಯನ್ನು ಮಾತ್ರ ಹಾಗೆಯೇ ಬಿಟ್ಟುಕೊಡಲಾರೆ.

ಅದೇ ಗಣಿಯಲ್ಲಿ 1901ರ ಮೇ ತಿಂಗಳಲ್ಲಿ ಸ್ಫೋಟವಾಗಿ 81 ಮಂದಿ ಸತ್ತಿದ್ದರು. ಕಲ್ಲಿದ್ದಲಿನ ದೂಳು ಗಣಿಯೊಳಗಿನ ಸ್ಫೋಟಕ ಅನಿಲಕ್ಕಿಂತ ಕಡಿಮೆ ಅಪಾಯದ್ದಲ್ಲ, ಅದನ್ನು ನೀರು ಹಾಕಿ ಅಡಗಿಸಬೇಕು ಎನ್ನುವುದು ಆಗಲೇ ತಿಳಿದಿತ್ತು. 1911ರ ಗಣಿ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಒಳಗೆ ಬೆಂಕಿ ಬಿದ್ದರೆ ಹೊಗೆ ಕಾರ್ಮಿಕರತ್ತ ನುಗ್ಗದಂತೆ ಗಾಳಿಯ ದಿಕ್ಕನ್ನು ತಿರುಗಿಸುವ ಏರ್ಪಾಡು 1913ರ ಜನವರಿಯೊಳಗೆ ಇರಲೇಬೇಕು ಎಂದಿತು. ಯೂನಿವರ್ಸಲ್ ಗಣಿಗೆ ಸೆಪ್ಟೆಂಬರ್‌ವರೆಗೆ ಗಡುವು ವಿಸ್ತರಿಸಿಕೊಟ್ಟರು. ಆ ಗಡುವೂ ಮುಗಿಯಿತು. ಅಕ್ಟೋಬರ್ 14ರಂದು ಬೆಳಿಗ್ಗೆ ಎಂಟು ದಾಟುತ್ತಿದ್ದಂತೆ ಗಣಿ ಸಿಡಿದಾಗ ಆ ಏರ್ಪಾಡು ಇನ್ನೂ ಆಗಿರಲಿಲ್ಲ. ಒಳಗೆ ಸುಮಾರು 950 ಮಂದಿ ಇದ್ದರು. ಉಸಿರಾಟದ ಸಾಧನ ತೊಟ್ಟ ರಕ್ಷಣಾ ತಂಡಗಳು ಬೇರೆ ಕಣಿವೆಗಳಿಂದ ಬರಬೇಕಾಯಿತು. ಬೆಂಕಿಗೆ ಸಾಕಷ್ಟು ನೀರೂ ಸಿಗಲಿಲ್ಲ. 439 ಗಣಿಗಾರರು ಸತ್ತರು. ರಕ್ಷಣೆಗೆ ಇಳಿದವರಲ್ಲೂ ಒಬ್ಬರು ಹೋದರು. ಬ್ರಿಟನ್ನಿನ ಗಣಿ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ದುರಂತವಿಲ್ಲ.

ಮೊಕದ್ದಮೆ ನಡೆಯಿತು. ವ್ಯವಸ್ಥಾಪಕರಿಗೆ 24 ಪೌಂಡ್ ದಂಡ. ಕಂಪನಿ ಮೊದಲು ಖುಲಾಸೆಯಾಗಿ, ಮೇಲ್ಮನವಿಯ ನಂತರ 10 ಪೌಂಡ್ ತೆತ್ತಿತು. ವ್ಯವಸ್ಥಾಪಕರ ದಂಡವನ್ನು ಸತ್ತವರಿಗೆ ಹಂಚಿದರೆ ತಲೆಗೆ ಒಂದು ಶಿಲಿಂಗು, ಒಂದು ಪೆನ್ನಿ ಚಿಲ್ಲರೆ (ಆಗ ಪೌಂಡಿಗೆ 20 ಶಿಲಿಂಗು, ಶಿಲಿಂಗಿಗೆ 12 ಪೆನ್ನಿ). ಈ ಲೆಕ್ಕ ನಾನು ಹಾಕಿದ್ದಲ್ಲ, ಆ ಕಾಲದ ಪತ್ರಿಕೆಯವರೇ ಹಾಕಿ ಛಾಪಿಸಿದ್ದು. ಇದನ್ನು ಅಪಘಾತ ಎನ್ನಲು ನನಗೆ ನಾಲಿಗೆ ಏಳದು. ಲೇಖಕರು ಪುಟಗಟ್ಟಲೆ ಇದನ್ನೇ ಬರೆದದ್ದೂ, ನಾವು ಒಂದು ಸಾಲನ್ನೂ ಕತ್ತರಿಸದೆ ಅಚ್ಚು ಹಾಕಿದ್ದೂ ಅದಕ್ಕೇ.

ಸ್ಫೋಟದ ಶತಮಾನದ ದಿನ, 2013ರಲ್ಲಿ, ವೇಲ್ಸ್‌ನ ರಾಷ್ಟ್ರೀಯ ಗಣಿ ಸ್ಮಾರಕವನ್ನು ಅನಾವರಣ ಮಾಡಿದ್ದು ಸೆಂಗೆನಿದ್‌ನಲ್ಲೇ. ಗಾಯಾಳುವಿಗೆ ಹೆಗಲು ಕೊಟ್ಟ ರಕ್ಷಕನ ಕಂಚಿನ ಪ್ರತಿಮೆ ಅದು.

ನಿಮ್ಮ ಸಿಟ್ಟಿಗೂ ನ್ಯಾಯವಾದ ಜಾಗವಿದೆ, ಊರು ಮಾತ್ರ ಬೇರೆ. ವೇಲ್ಸ್‌ನದೇ ರೊಂಡಾ ಕಣಿವೆಯ ಮೇರ್ಡಿ ಊರಿನವರು ಗಣಿ ಮುಚ್ಚುವುದರ ವಿರುದ್ಧ ನಡೆದ 1984-85ರ ಮುಷ್ಕರದಲ್ಲಿ ಕೊನೆಯವರೆಗೂ ನಿಂತು, ಬ್ಯಾಂಡ್ ಬಾರಿಸುತ್ತ ಕೆಲಸಕ್ಕೆ ಮರಳಿದರು. ಅವರ ಗಣಿ 1990ರ ಡಿಸೆಂಬರಿನಲ್ಲಿ ಮುಚ್ಚಿತು, ಥ್ಯಾಚರ್ ಅಧಿಕಾರ ಬಿಟ್ಟ ಮರುತಿಂಗಳು. ಆ ಊರಿನ ಬಗ್ಗೆ ನೀವೇ ಬರೆಯುವುದಾದರೆ ಮುಂದಿನ ಸಂಚಿಕೆಯಲ್ಲಿ ನಾಲ್ಕು ಪುಟ ಕಾದಿರಿಸುತ್ತೇನೆ. ಇಸವಿಗಳನ್ನು ಮಾತ್ರ ಸರಿಯಾಗಿ ನೋಡಿಕೊಂಡು ಕಳುಹಿಸಿ.

– ಸಂಪಾದಕ