ಓದುಗರ ಪ್ರಶ್ನೆ: 'ಹಾನಿಕರ ಬಳಕೆ' ಅಂತ ಬರೆಸಿದ್ದು ಯಾರು?

ಪ್ರಶ್ನೆ: ವಿಶ್ವ ಆರೋಗ್ಯ ಸಂಸ್ಥೆಯ ಕಾಗದಗಳಲ್ಲಿ ಎಲ್ಲಿ ನೋಡಿದರೂ 'ಮದ್ಯದ ಹಾನಿಕರ ಬಳಕೆ' ಅಂತಲೇ ಇರುತ್ತದೆ. ಸುಮ್ನೆ 'ಮದ್ಯ ಸೇವನೆ' ಅಂದರೆ ಏನು ಕಷ್ಟ? ಇದರಲ್ಲಿ ಏನಾದರೂ ಒಳಗುಟ್ಟು ಇದೆಯಾ?
– ಉಪನ್ಯಾಸಕಿ, ಹಾಸನ

ಉತ್ತರ: ಒಳಗುಟ್ಟೇನಲ್ಲ ಮೇಡಂ, ಎಲ್ಲರ ಕಣ್ಣೆದುರೇ ನಡೆದ ರಾಜಿ. 2010ರ ಮೇ ತಿಂಗಳಲ್ಲಿ ಜಿನೀವಾದ ವಿಶ್ವ ಆರೋಗ್ಯ ಸಭೆಯಲ್ಲಿ ಮದ್ಯದ ಬಗ್ಗೆ ಒಂದು ಜಾಗತಿಕ ಕಾರ್ಯತಂತ್ರಕ್ಕೆ ದೇಶಗಳು ಒಪ್ಪಿದವು. ಅದರ ಹೆಸರಿನಲ್ಲೇ 'ಹಾನಿಕರ ಬಳಕೆ ತಗ್ಗಿಸುವುದು' ಅಂತ ಇದೆ. ವೈನ್ ಮಾರುವ ದೇಶ, ಬಿಯರ್ ಮಾರುವ ದೇಶ, ಮದ್ಯವೇ ಬೇಡ ಅನ್ನುವ ದೇಶ, ಎಲ್ಲವೂ ಒಂದೇ ಕಾಗದಕ್ಕೆ ತಲೆಯಾಡಿಸಬೇಕಲ್ಲ.

ಆದರೆ 'ಹಾನಿಕರ ಬಳಕೆ' ಅಂದ ಕೂಡಲೇ ಹಾನಿಯಿಲ್ಲದ ಬಳಕೆಯೂ ಒಂದಿದೆ ಅಂತಾಯ್ತು. ತಪ್ಪು ಬಾಟ್ಲಿಯದ್ದಲ್ಲ, ಮಿತಿಮೀರಿ ಕುಡಿದವನದ್ದು. ಆಗ ಪರಿಹಾರವೂ ಅವನ ಸುತ್ತಲೇ ತಿರುಗುತ್ತದೆ: ಕಾಲೇಜಿನಲ್ಲಿ ಜಾಗೃತಿ ಭಾಷಣ, 'ಜವಾಬ್ದಾರಿಯಿಂದ ಕುಡಿಯಿರಿ' ಅನ್ನುವ ಪೋಸ್ಟರ್, ಒಂದು ಸೆಲ್ಫಿ. ಅದೇ ಕಾರ್ಯತಂತ್ರದ 10 ವಿಭಾಗಗಳಲ್ಲಿ ಬೆಲೆ, ಮಾರಾಟ, ಜಾಹೀರಾತು ಎಲ್ಲವೂ ಇವೆ, ಇಲ್ಲ ಅನ್ನೋ ಹಾಗಿಲ್ಲ. ಆದರೆ ಆ ಮೂರಕ್ಕೆ ಕೈ ಹಾಕಿದರೆ ದುಡ್ಡಿಗೆ ಪೆಟ್ಟು. ನಮ್ಮ ರಾಜ್ಯದ್ದೇ ನೋಡಿ, 2025–26ರ ಬಜೆಟ್ಟಿನಲ್ಲಿ ಅಬಕಾರಿಯಿಂದ ನಿರೀಕ್ಷಿಸಿದ್ದು 40,000 ಕೋಟಿ ರೂಪಾಯಿ. ಭಾಷಣ ಮಾಡಿಸುವುದು ಎಷ್ಟು ಸಲೀಸು ಅಲ್ವಾ?

ತಂಬಾಕಿನ ಜೊತೆ ಹೋಲಿಸಿದರೆ ವ್ಯತ್ಯಾಸ ಗೊತ್ತಾಗುತ್ತದೆ. 'ತಂಬಾಕಿನ ಹಾನಿಕರ ಬಳಕೆ' ಅಂತ ಯಾರೂ ಬರೆಯುವುದಿಲ್ಲ. 2003ರಲ್ಲಿ ಆಗಿದ್ದು ನೇರವಾಗಿ ತಂಬಾಕು ನಿಯಂತ್ರಣದ ಒಪ್ಪಂದ, ಸಹಿ ಹಾಕಿ ಸೇರಿದ ದೇಶ ಅದಕ್ಕೆ ಬದ್ಧ. ನೀತಿ ರೂಪಿಸುವಾಗ ತಂಬಾಕು ಕಂಪನಿಗಳ ಹಿತಾಸಕ್ತಿ ನುಸುಳದಂತೆ ನೋಡಿಕೊಳ್ಳಿ ಅಂತ ಅದರ 5.3ನೇ ವಿಧಿಯೇ ಹೇಳುತ್ತದೆ. ಮದ್ಯಕ್ಕೆ ಅಂಥ ಒಪ್ಪಂದವೇ ಇಲ್ಲ, ಇರುವುದು ಬರೀ ಕಾರ್ಯತಂತ್ರ. ಅದರಲ್ಲಿ ಕಂಪನಿಗಳಿಗೆ 'ಆರ್ಥಿಕ ವಹಿವಾಟುದಾರರು' ಅಂತ ಮರ್ಯಾದೆಯ ಹೆಸರು, ಹಾನಿ ತಗ್ಗಿಸಲು ನೀವೂ ಏನಾದರೂ ಯೋಚಿಸಿ ಅಂತ ಆಹ್ವಾನ ಬೇರೆ.

ಇನ್ನೊಂದು ಬಾಲಂಗೋಚಿ ಇದೆ. 2013ರಲ್ಲಿ ಹಾನಿಕರ ಬಳಕೆಯನ್ನು 2025ರ ಹೊತ್ತಿಗೆ ಕನಿಷ್ಠ ಶೇ. 10ರಷ್ಟು ಇಳಿಸುವ ಗುರಿ ಇಟ್ಟರು, ಪಕ್ಕದಲ್ಲೇ 'ಸೂಕ್ತವೆನಿಸಿದಂತೆ, ಆಯಾ ದೇಶದ ಸಂದರ್ಭಕ್ಕೆ ತಕ್ಕಂತೆ' ಅಂತ ಸೇರಿಸಿದರು. ಗುರಿ ತಪ್ಪಿಸಿಕೊಳ್ಳಲು ಇದಕ್ಕಿಂತ ದೊಡ್ಡ ಬಾಗಿಲು ಬೇಕಾ? ತಮಾಷೆ ಏನೆಂದರೆ, ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲೂ 'ಹಾನಿಕರ ಬಳಕೆ' ಅಂತಲೇ ಇದೆ, ಆದರೆ ಅಳೆಯುವಾಗ ಲೆಕ್ಕ ಹಾಕುವುದು 15 ದಾಟಿದವರ ತಲಾ ಸೇವನೆಯನ್ನು, ಶುದ್ಧ ಆಲ್ಕೋಹಾಲ್ ಎಷ್ಟು ಲೀಟರ್ ಅಂತ. ಅಳೆಯುವವರಿಗೆ ಗೊತ್ತು, ಒಟ್ಟು ಇಳಿಯದೆ ಹಾನಿ ಇಳಿಯುವುದಿಲ್ಲ ಅಂತ.

ಪ್ರಶ್ನೆ: ಬಾಟ್ಲಿ ಮೇಲೆ 'ಆರೋಗ್ಯಕ್ಕೆ ಹಾನಿಕರ' ಅಂತ ಇದ್ದೇ ಇದೆ. ಕ್ಯಾನ್ಸರ್ ಅಂತಲೂ ಹಾಕಿ ಅಂತ ಕೆಲವರು ಹಟ ಹಿಡಿಯುವುದು ಯಾಕೆ? ಓದುವವರು ಯಾರು?
– ಮೆಡಿಕಲ್ ಶಾಪ್ ಮಾಲೀಕರು, ಶಿವಮೊಗ್ಗ

ಉತ್ತರ: ಯಾರೂ ಓದದಿದ್ದರೆ ಕಂಪನಿಗಳು ಇಷ್ಟು ಹೆದರುತ್ತಿರಲಿಲ್ಲ ಸರ್. ಮದ್ಯ ಕ್ಯಾನ್ಸರ್ ತರುತ್ತದೆ ಅಂತ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮೊದಲ ಗುಂಪಿಗೆ, ಅಂದರೆ ಪುರಾವೆ ಖಚಿತವಾಗಿರುವವುಗಳ ಪಟ್ಟಿಗೆ, ಸೇರಿಸಿದ್ದು 1988ರಲ್ಲಿ. ಅದೇ 1988ರಲ್ಲಿ ಅಮೆರಿಕ ಬಾಟ್ಲಿ ಎಚ್ಚರಿಕೆಯ ಕಾನೂನು ಮಾಡಿತು. ಗರ್ಭಿಣಿಯರ ಮಾತು ಬಂತು, ಗಾಡಿ ಓಡಿಸುವ ಮಾತು ಬಂತು, ಉಳಿದದ್ದಕ್ಕೆಲ್ಲ ಸೇರಿಸಿ 'ಆರೋಗ್ಯ ಸಮಸ್ಯೆ ಉಂಟಾಗಬಹುದು' ಅಂತ ಮುಗಿಸಿದರು. 'ಬಹುದು' ಅಂತೆ! 2025ರ ಜನವರಿಯಲ್ಲಿ ಅಲ್ಲಿನ ಆಗಿನ ಸರ್ಜನ್ ಜನರಲ್ (ಜನರ ಆರೋಗ್ಯದ ಬಗ್ಗೆ ಸಲಹೆ ಕೊಡುವ ಸರ್ಕಾರದ ವೈದ್ಯರು) ವಿವೇಕ್ ಮೂರ್ತಿ, ನಮ್ಮ ಮಂಡ್ಯದ ಹಲ್ಲೆಗೆರೆ ಮೂಲದವರು, ಕ್ಯಾನ್ಸರ್ ಅಪಾಯವನ್ನೂ ಲೇಬಲ್ಲಿಗೆ ಸೇರಿಸಿ ಅಂದರು. ಆದರೆ ಆ ವಾಕ್ಯ ಬದಲಿಸುವ ಅಧಿಕಾರ ಅವರಿಗಿರಲಿಲ್ಲ, ಅದು ಅಲ್ಲಿನ ಸಂಸತ್ತಿನ ಕೈಯಲ್ಲಿದೆ.

ಐರ್ಲೆಂಡ್ ಮಾತ್ರ 'ಬಹುದು' ಬಿಟ್ಟಿತು. 'ಮದ್ಯಕ್ಕೂ ಪ್ರಾಣ ತೆಗೆಯುವ ಕ್ಯಾನ್ಸರ್‌ಗೂ ನೇರ ಸಂಬಂಧವಿದೆ' ಅಂತ ಬರೆಯಲು 2023ರಲ್ಲಿ ನಿಯಮ ಮಾಡಿದರು. ಇಟಲಿ, ಸ್ಪೇನ್, ಫ್ರಾನ್ಸ್‌ಗೆ ಇದು ಹಿಡಿಸಲಿಲ್ಲ. 2026ರ ಮೇನಲ್ಲಿ ಜಾರಿ ಆಗಬೇಕಿದ್ದ ನಿಯಮವನ್ನು ಈಗ 2028ರ ಸೆಪ್ಟೆಂಬರ್‌ಗೆ ತಳ್ಳಿದ್ದಾರೆ. ನಮ್ಮಲ್ಲಿ 2019ರ ಏಪ್ರಿಲ್‌ನಿಂದ ಇರುವ ಎಚ್ಚರಿಕೆಯಲ್ಲಿ 'ಹಾನಿಕರ' ಅಂತಿದೆ, ಕುಡಿದು ಓಡಿಸಬೇಡಿ ಅಂತಿದೆ, ರೋಗದ ಹೆಸರಿಲ್ಲ. ಪಕ್ಕದ ಪೆಟ್ಟಿಗೆ ಅಂಗಡಿಯ ಸಿಗರೇಟು ಪ್ಯಾಕಿನ ಮೇಲೆ ಮಾತ್ರ ಚಿತ್ರವೇ ಇದೆ.

ಪ್ರಶ್ನೆ: ಹೆಂಗಸರೆಲ್ಲ ಕುಡಿಯಬಾರದು ಅಂತ ಡಬ್ಲ್ಯುಎಚ್‌ಒ ಹೇಳಿತ್ತಂತೆ, ನಿಜವಾ?
– ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಹಾಗೆ ಹೇಳಲಿಲ್ಲ, ಆದರೆ ಹಾಗೆ ಕೇಳಿಸುವಂತೆ ಬರೆದಿದ್ದು ನಿಜ. 2021ರ ಜೂನ್‌ನಲ್ಲಿ ಹೊರಬಂದ, ಮದ್ಯದ ಕುರಿತ ಸಂಸ್ಥೆಯ ಕ್ರಿಯಾಯೋಜನೆಯ ಕರಡಿನಲ್ಲಿ, ಗರ್ಭಿಣಿಯರ ಜೊತೆಗೆ 'ಹೆರುವ ವಯಸ್ಸಿನ ಮಹಿಳೆಯರು' ಕುಡಿಯುವುದನ್ನೂ ತಡೆಯಲು ಗಮನ ಕೊಡಿ ಅಂತಿತ್ತು. ಹೆಣ್ಣು ಅಂದರೆ ಬರೀ ಹೊಟ್ಟೆಯಾ ಅಂತ ಜನ ರೇಗಿದರು, ಸರಿಯಾಗೇ ರೇಗಿದರು. ಎಲ್ಲ ಹೆಂಗಸರೂ ಬಿಡಬೇಕು ಅಂತ ನಾವು ಹೇಳಿಲ್ಲ ಅಂತ ಸಂಸ್ಥೆ ಸಮಜಾಯಿಷಿ ಕೊಡಬೇಕಾಯಿತು. ಬೆಲೆ, ಜಾಹೀರಾತಿನ ಬಗ್ಗೆ ಆ ಕರಡಿನಲ್ಲಿದ್ದ ಗಟ್ಟಿ ಮಾತುಗಳು ಈ ಗಲಾಟೆಯಲ್ಲಿ ಯಾರ ಕಿವಿಗೂ ಬೀಳಲಿಲ್ಲ.

ಪ್ರಶ್ನೆ: 'ಹಾನಿಕರ ಬಳಕೆ' ಅನ್ನುವವರೂ ಅವರೇ, 'ಎಷ್ಟು ಕುಡಿದರೂ ಸುರಕ್ಷಿತವಲ್ಲ' ಅನ್ನುವವರೂ ಅವರೇ. ನಮ್ಮ ಭಾವ ಹೃದಯಕ್ಕೆ ಒಳ್ಳೇದು ಅಂತ ದಿನಾ ಒಂದು ಪೆಗ್ ಹಾಕುತ್ತಾರೆ. ಯಾವುದನ್ನು ನಂಬೋದು?
– ಗೃಹಿಣಿ, ಧಾರವಾಡ

ಉತ್ತರ: ಎರಡನೆಯದನ್ನು ನಂಬಿ ಅಕ್ಕಾ. ಮೊದಲನೆಯದು ಸರ್ಕಾರಗಳು ಕೂತು ಚೌಕಾಸಿ ಮಾಡಿದ ಮಾತು. ಎರಡನೆಯದು 2023ರ ಜನವರಿಯಲ್ಲಿ ಸಂಸ್ಥೆಯ ಯುರೋಪ್ ಕಚೇರಿ, ಕ್ಯಾನ್ಸರಿನ ಪುರಾವೆ ನೋಡಿ ಹೇಳಿದ್ದು. ಹೃದಯದ ನೆಪದಲ್ಲಿ ಕುಡಿಯುತ್ತಿದ್ದರೆ ಆ ಪೆಗ್ ಬಿಡಲು ಹೇಳಿ. ಹಾಗಂತ ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಫಿಟ್ಸ್ ಬರುವುದುಂಟು. ಭಾವನ ಒಂದು ಪೆಗ್ ನಿಜಕ್ಕೂ ಒಂದೇ ಪೆಗ್ಗಾ ಅಂತ ಮೊದಲು ನೋಡಿ, ಅಲ್ಲವಾದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಬಿಡಿಸಿ.