ಗುಡ್ಡ ಅಳೆದರು, ಲಾರಿ ಎಣಿಸಲಿಲ್ಲ

ಸಂಡೂರು ತಾಲ್ಲೂಕಿನ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ. ಪತ್ರದ ಸಾರ ಇಷ್ಟು: ‘2010ರಲ್ಲಿ ಸಾಲ ಮಾಡಿ ಎರಡು ಲಾರಿ ತೆಗೆದೆ. ಅದಿರು ಹೊಡೆಯುತ್ತಿದ್ದೆ. ವರ್ಷ ತುಂಬುವುದರೊಳಗೆ ಕೋರ್ಟು ಗಣಿ ನಿಲ್ಲಿಸಿತು. ಕಂತು ಕಟ್ಟಲು ಆಗಲಿಲ್ಲ, ಫೈನಾನ್ಸಿನವರು ಗಾಡಿ ಎಳೆದುಕೊಂಡು ಹೋದರು. ಈಗ ಅದೇ ಗುಡ್ಡದಲ್ಲಿ ಗಣಿ ನಡೀತಿದೆ, ಅದಿರಿನ ಮಿತಿಯೂ ಏರಿದೆ. ಹಾಗಾದರೆ ಕೋರ್ಟು ಕಾಪಾಡಿದ್ದು ಯಾರನ್ನ? ಗುಡ್ಡಾನಾ, ಕಂಪನಿಗಳನ್ನಾ, ನಮ್ಮನ್ನಾ? ನನ್ನ ತಮ್ಮನ ಮೆಣಸಿನಕಾಯಿ ಹೊಲಕ್ಕೆ ಧೂಳು ಬೀಳುತ್ತಿದೆ. ಹಸಿರು ನ್ಯಾಯಮಂಡಳಿಗೆ ಹೋದರೆ ಏನಾದರೂ ಪ್ರಯೋಜನ ಇದೆಯಾ?’

ಕೊನೆಯಲ್ಲಿ ‘ಕಾನೂನಿನ ಭಾಷೆ ಬೇಡ’ ಅಂತ ಅಡಿಗೆರೆ ಎಳೆದಿದ್ದೀರಿ. ಆದಷ್ಟು ಪ್ರಯತ್ನ ಮಾಡುತ್ತೇನೆ.

ನಿಮ್ಮ ಲಾರಿ ನಿಂತ ದಿನದಿಂದಲೇ ಶುರು ಮಾಡೋಣ. 2011ರ ಜುಲೈ 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರು ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟರು. ಎರಡೇ ದಿನಕ್ಕೆ, ಜುಲೈ 29ರಂದು, ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯಲ್ಲಿ ಗಣಿ ನಿಲ್ಲಿಸಿ ಅಂತ ಆದೇಶ ಮಾಡಿತು. ಆಗಸ್ಟ್ 26ರಂದು ತುಮಕೂರು, ಚಿತ್ರದುರ್ಗವೂ ಸೇರಿದವು. ಧಾರವಾಡದ ಸಮಾಜ ಪರಿವರ್ತನ ಸಮುದಾಯ 2009ರಲ್ಲೇ ಹಾಕಿದ್ದ ಕೇಸು ಅದು. ಕಳ್ಳರು, ಸಾಚಾ ಜನ ಅಂತ ಭೇದ ಇಲ್ಲದೆ ಎಲ್ಲರ ಗಣಿಯೂ ನಿಂತಿತು.

ನಾನು ಆ ವರ್ಷ ಹೊಸಪೇಟೆಯಿಂದ ತೋರಣಗಲ್ಲಿನ ಕಡೆ ಹೋಗಿದ್ದೆ. ರಸ್ತೆ ಬದಿಯಲ್ಲಿ ಸಾಲುಗಟ್ಟಿ ಲಾರಿಗಳು. ಕೆಲವಕ್ಕೆ ಟೈರೇ ಇರಲಿಲ್ಲ. ಕಂತಿಗಾಗಿ ಟೈರು ಬಿಚ್ಚಿ ಮಾರಿದ್ದರು. ಟೀ ಅಂಗಡಿಯ ಅಜ್ಜಿ ಬೆಂಚಿನ ಮೇಲಿನ ಕೆಂಪು ಧೂಳು ಒರೆಸುತ್ತಾ, ‘ಬೆಂಚು ಈಗ ಬೆಳ್ಳಗಿರ್ತಾವಪ್ಪ, ಕೂಡೋರೇ ಇಲ್ಲ’ ಅಂದಿದ್ದಳು. ಹಾಗಾಗಿ ನಿಮ್ಮ ಪತ್ರದಲ್ಲಿ ಉತ್ಪ್ರೇಕ್ಷೆ ಇದೆ ಅಂತ ನನಗೆ ಅನ್ನಿಸಲಿಲ್ಲ.

ಆದರೆ ಕೋರ್ಟು ಕುರುಡಾಗಿ ಬೀಗ ಹಾಕಿತು ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಅದು ಮೊದಲು ಮಾಡಿಸಿದ ಕೆಲಸ ಅಳತೆ. ಗುತ್ತಿಗೆಯ ಸ್ಕೆಚ್ಚು ಒಂದು ಕಡೆ, ಉಪಗ್ರಹದ ಚಿತ್ರ ಇನ್ನೊಂದು ಕಡೆ, ನೆಲದ ಮೇಲೆ ಸರ್ವೆ ತಂಡ. ಹೊಲದ ಒಡ್ಡಿನ ಜಗಳದಲ್ಲಿ ಸರ್ವೆಯವರು ಬಂದು ಸರಪಳಿ ಎಳೀತಾರಲ್ವಾ, ಹೆಚ್ಚುಕಮ್ಮಿ ಹಾಗೇ. ನಿನ್ನ ಗುಂಡಿ ನಿನ್ನ ಗೆರೆಯೊಳಗೆ ಇದೆಯಾ, ಹೊರಗೆ ಎಷ್ಟು ಹೋಗಿದೆ, ಮಣ್ಣು ಎಲ್ಲಿ ಸುರಿದಿದ್ದೀಯ? ಸುಪ್ರೀಂ ಕೋರ್ಟಿನ ಪರವಾಗಿ ಪರಿಶೀಲನೆ ಮಾಡುವ ಕೇಂದ್ರ ಉನ್ನತಾಧಿಕಾರ ಸಮಿತಿ 166 ಗಣಿ ಗುತ್ತಿಗೆಗಳನ್ನು ಹೀಗೆ ನೋಡಿ ಮೂರು ಗುಂಪು ಮಾಡಿತು. ತಪ್ಪಿಲ್ಲದವರು ಅಥವಾ ಅಲ್ಪಸ್ವಲ್ಪ ತಪ್ಪಿದ್ದವರು ‘ಎ’. ಗೆರೆ ದಾಟಿದರೂ ಒಂದು ಮಿತಿಯೊಳಗೆ ಇದ್ದವರು ‘ಬಿ’. ಸಿಕ್ಕಾಪಟ್ಟೆ ದಾಟಿದವರು ‘ಸಿ’.

2013ರ ಏಪ್ರಿಲ್ 18ರ ತೀರ್ಪು ನಿಂತಿದ್ದು ಈ ಅಳತೆಯ ಮೇಲೆ. ‘ಸಿ’ ಗುಂಪಿನ ಗುತ್ತಿಗೆಗಳೇ ರದ್ದು. ‘ಬಿ’ಯವರು ಗೆರೆಯ ಹೊರಗೆ ಅಗೆದ ಗುಂಡಿಗೆ ಹೆಕ್ಟೇರಿಗೆ 5 ಕೋಟಿ, ಹೊರಗೆ ಮಣ್ಣು ಸುರಿದದ್ದಕ್ಕೆ ಹೆಕ್ಟೇರಿಗೆ 1 ಕೋಟಿ ಕಟ್ಟಬೇಕು. ಹಾಳಾದ ಗುಡ್ಡ ಸರಿಪಡಿಸುವ ಯೋಜನೆ ಒಪ್ಪಿಸದೆ ಗಣಿ ತೆರೆಯುವ ಹಾಗಿಲ್ಲ. ಗಣಿ ಮಾಲೀಕರು ‘ನಮ್ಮನ್ನು ಶಿಕ್ಷಿಸಲು ಗಣಿ ಕಾಯ್ದೆಯೇ ಇದೆ, ಕೋರ್ಟು ಯಾಕೆ ನಡುವೆ?’ ಅಂತ ವಾದಿಸಿದರು. ಮಾಮೂಲಿ ದಾರಿಯಲ್ಲಿ ಸರಿಹೋಗುವ ಪರಿಸ್ಥಿತಿ ಇದಲ್ಲ ಅಂತ ಕೋರ್ಟು ಆ ವಾದವನ್ನು ತಳ್ಳಿಹಾಕಿತು. ಕಾಯ್ದೆ ನೋಡಿಕೊಳ್ಳಬೇಕಾದ ಇಲಾಖೆಗಳು ಕಣ್ಣು ಮುಚ್ಚಿಕೊಂಡಿದ್ದಾಗ ಇನ್ನೇನು ಹೇಳಬೇಕಿತ್ತು?

ಆಮೇಲೆ ಎಷ್ಟು ಅದಿರು ತೆಗೆಯಬಹುದು ಅನ್ನುವ ಮಿತಿ. ವರ್ಷಕ್ಕೆ ಬಳ್ಳಾರಿಯಿಂದ 2.5 ಕೋಟಿ ಟನ್, ಉಳಿದೆರಡು ಜಿಲ್ಲೆಯಿಂದ 50 ಲಕ್ಷ ಟನ್. 2017ರಲ್ಲಿ ಅದು 2.8 ಕೋಟಿ ಮತ್ತು 70 ಲಕ್ಷ ಆಯಿತು. 2022ರ ಆಗಸ್ಟಿನಲ್ಲಿ 3.5 ಕೋಟಿ ಮತ್ತು 1.5 ಕೋಟಿ. ನಿಮಗೆ ಸಿಟ್ಟು ಬಂದದ್ದು ಇಲ್ಲೇ ಇರಬೇಕು. ನನಗೂ ಪೂರ್ತಿ ಸಮಾಧಾನ ಇಲ್ಲ. ಮಿತಿ ಏರಿಸಿ ಅಂತ ಕೇಳಲು ಕಂಪನಿಗಳಿಗೆ ವಕೀಲರಿದ್ದಾರೆ. ಇಳಿಸಿ ಅಂತ ಕೇಳಲು ಗುಡ್ಡಕ್ಕೆ ಯಾರಿದ್ದಾರೆ?

ಈಗ ನಿಮ್ಮ ಮುಖ್ಯ ಪ್ರಶ್ನೆ. ನಿಷೇಧ ಬಂದ ವಾರಕ್ಕೇ, ಅಂದರೆ ಆಗಸ್ಟ್ 5ರಂದು, ಸರ್ಕಾರಿ ಕಂಪನಿ ಎನ್‌ಎಂಡಿಸಿಗೆ ತಿಂಗಳಿಗೆ 10 ಲಕ್ಷ ಟನ್ ತೆಗೆಯಲು ಕೋರ್ಟು ಒಪ್ಪಿತು. ಉಕ್ಕಿನ ಕಾರ್ಖಾನೆಗಳ ಕುಲುಮೆ ಆರಬಾರದು ಅಂತ. ಆಮೇಲೆ ಅಲ್ಲಲ್ಲಿ ರಾಶಿ ಬಿದ್ದಿದ್ದ ಅದಿರನ್ನೂ ಹರಾಜು ಹಾಕಿಸಿತು. ಕುಲುಮೆಗೆ ದಿನಕ್ಕೆ ಎಷ್ಟು ಅದಿರು ಬೇಕು ಅನ್ನುವುದಕ್ಕೆ ಲೆಕ್ಕ ಇತ್ತು. ಗುಡ್ಡ ಎಷ್ಟು ಹೋಗಿದೆ ಅನ್ನುವುದಕ್ಕೂ ಲೆಕ್ಕ ಇತ್ತು. ಎರಡು ಲಾರಿ ಇಟ್ಟವರು, ಕ್ಲೀನರುಗಳು, ಟೈರು ಪಂಕ್ಚರಿನ ಅಂಗಡಿಯವರು ಎಷ್ಟು ಜನ, ಅವರ ಸಾಲ ಎಷ್ಟು? ಆ ಲೆಕ್ಕವನ್ನು ಕುಲುಮೆಯ ಲೆಕ್ಕದಷ್ಟು ಕರಾರುವಾಕ್ಕಾಗಿ ಹಿಡಿದು ಯಾರೂ ಕೋರ್ಟಿನ ಮುಂದೆ ನಿಲ್ಲಲಿಲ್ಲ. ಲೆಕ್ಕ ಇದ್ದದ್ದು ತಕ್ಕಡಿಗೆ ಹತ್ತಿತು. ನೀವು ಹತ್ತಲಿಲ್ಲ. ಇದು ನನ್ನ ಅಭಿಪ್ರಾಯ, ತಪ್ಪಿದ್ದರೆ ಬರೆಯಿರಿ.

ಕುದುರೆಮುಖದ ಕಥೆ ಇದಕ್ಕೆ ಹೋಲಿಸಿ ನೋಡಿ. ಅಲ್ಲಿ 2002ರ ಅಕ್ಟೋಬರಿನಲ್ಲಿ ತೀರ್ಪು ಬಂತು. 2005ರ ಕೊನೆಗೆ ಗಣಿ ಮುಚ್ಚಬೇಕು ಅಂತ ಮೊದಲೇ ದಿನಾಂಕ ಹೇಳಿತ್ತು. ಕಾಡು ಉಳಿಯಬೇಕು, ಭದ್ರೆ ಹುಟ್ಟುವ ಜಾಗ ಅದು. ಆದರೂ ಅಲ್ಲಿನ ಕೆಲಸಗಾರರಿಗೆ ಮೂರು ವರ್ಷ ಸಿಕ್ಕಿತು. ನಿಮಗೆ ಮೂರು ದಿನವೂ ಸಿಗಲಿಲ್ಲ. ಅದಕ್ಕೆ ಕಾರಣ ಇದೆ. ಅಲ್ಲಿ ಇದ್ದದ್ದು ಒಂದೇ ಸರ್ಕಾರಿ ಕಂಪನಿ. ಇಲ್ಲಿ ‘ಇನ್ನು ಆರು ತಿಂಗಳಿಗೆ ನಿಲ್ಲಿಸಿ’ ಅಂದಿದ್ದರೆ ಆ ಆರು ತಿಂಗಳು ಹಗಲು ರಾತ್ರಿ ಅಗೆದು ಗುಡ್ಡವನ್ನೇ ಮುಗಿಸುತ್ತಿದ್ದರು. ಹಾಗಾಗಿ ಒಮ್ಮೆಲೇ ನಿಲ್ಲಿಸಿದ್ದು ತಪ್ಪು ಅಂತ ನಾನು ಹೇಳಲಾರೆ. ನಿಂತ ಮರುದಿನ ನಿಮ್ಮಂಥವರಿಗೆ ಏನು ಅಂತ ಯೋಚಿಸದೇ ಇದ್ದದ್ದು ತಪ್ಪು. ಅದರಲ್ಲಿ ಕೋರ್ಟಿಗಿಂತ ಸರ್ಕಾರದ ಪಾಲು ಜಾಸ್ತಿ.

ದುಡ್ಡಂತೂ ಇದೆ. ಅದಿರು ಮಾರಾಟದ ಒಂದು ಪಾಲು, ಕಟ್ಟಿಸಿಕೊಂಡ ದಂಡ, ಎಲ್ಲ ಸೇರಿಸಿ ಗಣಿಬಾಧಿತ ಜಿಲ್ಲೆಗಳಿಗೆ ಖರ್ಚು ಮಾಡಲು ಒಂದು ನಿಗಮವನ್ನೇ ಮಾಡಿದ್ದಾರೆ. ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆಗೆ ಕೋರ್ಟಿನ ಒಪ್ಪಿಗೆ ಸಿಕ್ಕಿದ್ದು 2022ರಲ್ಲಿ. ಮೇಲೆ ನಿಗಾ ಇಡಲು ನಿವೃತ್ತ ನ್ಯಾಯಮೂರ್ತಿ ಸುದರ್ಶನ ರೆಡ್ಡಿ ಅವರನ್ನು ನೇಮಿಸಿತು. ಲಾರಿ ನಿಂತ ವರ್ಷದಿಂದ ಎಣಿಸಿದರೆ ಹನ್ನೊಂದು ವರ್ಷ. ಅಷ್ಟರಲ್ಲಿ ನಿಮ್ಮ ಗಾಡಿ ಗುಜರಿಗೂ ಹೋಗಿರುತ್ತದೆ.

ತಮ್ಮನ ಹೊಲದ ವಿಷಯ ಬೇರೆ. ಅಲ್ಲಿ ದಾರಿ ಇದೆ. ಪರಿಸರದ ಕೇಸುಗಳನ್ನು ನೋಡುವ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ ಚೆನ್ನೈನಲ್ಲಿದೆ. ಕೋರ್ಟಿನ ಆದೇಶದಿಂದ ಹೋದ ನಿಮ್ಮ ಲಾರಿಗಳನ್ನು ಅದು ತಂದುಕೊಡಲಾರದು. ಅದು ವಿಚಾರಣೆ ಮಾಡಬಹುದಾದ ಕಾಯ್ದೆಗಳ ಪಟ್ಟಿಯಲ್ಲಿ ಗಣಿ ಕಾಯ್ದೆಯೇ ಇಲ್ಲ. ಆದರೆ ವಾಯುಮಾಲಿನ್ಯ ಕಾಯ್ದೆ ಇದೆ, ಧೂಳು ಅದರೊಳಗೆ ಬರುತ್ತದೆ. ಧೂಳು ನಿಲ್ಲಿಸಿ ಅಂತ ಕೇಳಲು ತೊಂದರೆ ಮೊದಲು ಶುರುವಾದ ದಿನದಿಂದ ಆರು ತಿಂಗಳೊಳಗೆ ಹೋಗಬೇಕು. ಬೆಳೆ ನಷ್ಟದ ಪರಿಹಾರಕ್ಕೆ ಐದು ವರ್ಷ ಸಮಯ ಇದೆ. ಪರಿಹಾರ ಕೇಳದಿದ್ದರೆ ಶುಲ್ಕ 1,000 ರೂಪಾಯಿ. ಕೇಳಿದರೆ ಆ ಮೊತ್ತದ ನೂರಕ್ಕೆ ಒಂದು ರೂಪಾಯಿ, ಆದರೆ ಸಾವಿರಕ್ಕೆ ಕಡಿಮೆ ಇಲ್ಲ. ಎರಡು ಲಕ್ಷ ಕೇಳಿದರೆ ಎರಡು ಸಾವಿರ.

ನ್ಯಾಯಮಂಡಳಿಗೂ ಒಂದು ಗೆರೆ ಇದೆ. ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರ್ ಬಿಡಬೇಕು ಅಂತ 2016ರಲ್ಲಿ ಅದು ಹೇಳಿದ್ದನ್ನು ಸುಪ್ರೀಂ ಕೋರ್ಟು 2019ರಲ್ಲಿ ತೆಗೆದುಹಾಕಿತು. ಮಾಸ್ಟರ್ ಪ್ಲಾನ್ ಬದಲಿಸುವುದು ನಿನ್ನ ಕೆಲಸ ಅಲ್ಲ ಅಂದಿತು. ಆದರೆ ಅದೇ ಕೇಸಿನಲ್ಲಿ ಎರಡು ಬಿಲ್ಡರ್ ಕಂಪನಿಗಳಿಗೆ ಹಾಕಿದ್ದ ದಂಡವನ್ನು ಮುಟ್ಟಲಿಲ್ಲ. ಹಾಗಾಗಿ ನಿಮ್ಮ ತಮ್ಮ ‘ತಾಲ್ಲೂಕಿನಲ್ಲಿ ಗಣಿಯೇ ಬೇಡ’ ಅಂತ ಬರೆದುಕೊಂಡು ಹೋಗುವುದು ಬೇಡ. ‘ಈ ಸರ್ವೆ ನಂಬರಿನ ಹೊಲ, ಇಷ್ಟು ಗುಂಟೆ, ಈ ದಾರಿಯ ಲಾರಿಗಳು’ ಅಂತಲೇ ಬರೆಯಲಿ.

ಅದಕ್ಕೆ ಮುಂಚೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಒಂದು ಅರ್ಜಿ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಳ್ಳಲಿ. ಬೆಳಿಗ್ಗೆ ಎದ್ದು ಮೆಣಸಿನ ಎಲೆಯ ಫೋಟೋ ತೆಗೆಯಲಿ, ಪ್ರತಿದಿನ, ತಾರೀಖು ಬರುವ ಹಾಗೆ. ಟಾರ್ಪಾಲ್ ಹಾಕದೆ ಓಡುವ ಲಾರಿ ಎಷ್ಟು, ರಸ್ತೆಗೆ ನೀರು ಹಾಕಿದ್ದು ಯಾವತ್ತು, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಹಿಂದಿನ ವರ್ಷ ಮಂಡಿಯಲ್ಲಿ ಮೆಣಸಿನಕಾಯಿ ಮಾರಿದ ಚೀಟಿ ಇದ್ದರೆ ಅದನ್ನೂ ಹುಡುಕಲಿ. ಈ ಸಲ ಯಾವ ಲಾರಿ ಎಣಿಸಬೇಕು ಅಂತ ಅವನಿಗೆ ನಿಮಗಿಂತ ಚೆನ್ನಾಗಿ ಯಾರು ಹೇಳಿಕೊಡ್ತಾರೆ?